ಹುಳು ಹಣ್ಣಾಗುವ ದಿನ

"ಸಾ, ನಾಳೆ ನಾನ್ ಬರಾಕಿಲ್ಲ. ಹುಳ ನಾಕ್ನೇ ಜ್ವರ ಎದ್ದವೆ."

ಏಳನೇ ತರಗತಿಯ ಹುಡುಗಿ ಹೀಗೆ ಹೇಳಿದಾಗ ನಾನು ಗದರಿಸಿದೆ. 1987ರ ಮಾತು. ಕನಕಪುರ ತಾಲ್ಲೂಕಿನ ಒಂದು ಹಳ್ಳಿಗೆ ನಾನು ಹೊಸ ಮೇಷ್ಟ್ರು. ವಿಜ್ಞಾನದಲ್ಲಿ ರೇಷ್ಮೆ ಹುಳುವಿನ ಪಾಠ ಇತ್ತು. ಮಕ್ಕಳಿಗೆ ರಾಮನಗರದ ಗೂಡಿನ ಮಾರುಕಟ್ಟೆ ತೋರಿಸೋಣ ಅಂತ ಒಂದು ಶನಿವಾರ ಗೊತ್ತುಮಾಡಿದ್ದೆ. ತಲೆಗೆ ಐದು ರೂಪಾಯಿ. ಹೆಡ್‌ಮೇಷ್ಟ್ರನ್ನು ಕೇಳಿದ್ದೆ, ಬಸ್ಸಿನ ಹೊತ್ತು ಕೇಳಿದ್ದೆ. ಹುಳುವನ್ನು ಕೇಳಿರಲಿಲ್ಲ.

ಹುಳು ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಅದು ತಿನ್ನುವ ಸೊಪ್ಪು, ಅಲ್ಲಿತನಕ ತಿಂದದ್ದರ ಎಷ್ಟೋ ಪಾಲು. ಹಗಲೂ ರಾತ್ರಿ ಹಾಕುತ್ತಲೇ ಇರಬೇಕು. ಹುಳು ದೊಡ್ಡ ಮನೆಯವರದು, ಹಿಪ್ಪುನೇರಳೆ ತೋಟವೂ ಅವರದೇ. ಸೊಪ್ಪು ಕೊಯ್ಯುವ ಕೈ ಮಾತ್ರ ಕೇರಿಯದು.

ಶನಿವಾರ ಬಸ್ಸು ಹತ್ತಿದವರು ಹತ್ತೊಂಬತ್ತು ಮಕ್ಕಳು. ಕೇರಿಯ ಮಗು ಒಂದೂ ಇಲ್ಲ. ನಾನೂ ಕೇರಿಯವನೇ, ಮಾಗಡಿ ಕಡೆಯ ಇನ್ನೊಂದು ಊರಿನ ಕೇರಿ. ಆದರೂ ರೈಟ್ ಅಂದೆ.

ಬೆಳಗಿನ ಸ್ಕೂಲು ಮುಗಿಸಿ ಹೊರಟಿದ್ದೆವಲ್ಲ, ರಾಮನಗರ ಮುಟ್ಟುವಾಗ ಮಧ್ಯಾಹ್ನ ಮೀರಿತ್ತು. ಹರಾಜು ಮುಗಿದು ಜನ ಹೋಗಿಯಾಗಿತ್ತು. ಚನ್ನಪಟ್ಟಣ, ಮಾಗಡಿ, ಕನಕಪುರದಿಂದೆಲ್ಲ ಗೂಡು ಇಲ್ಲಿಗೆ ಬರುತ್ತದೆ, ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕು ಅಂತ 1959ರ ಕಾಯ್ದೆ ಇದೆ ಎಂದು ಖಾಲಿ ನೆಲ ತೋರಿಸಿ ಪಾಠ ಹೇಳಿದೆ.

ಸುಮ್ಮನೆ ವಾಪಸ್ ಬರೋದು ಹೇಗೆ? ಹತ್ತಿರದ ಬೀದಿಯ ಒಂದು ಚರಕದ ಮನೆಗೆ ನುಗ್ಗಿಸಿದೆ. ಬೆಂದ ಹುಳುವಿನ ನಾತ, ಹಬೆ. ಆ ಹಬೆಯೊಳಗೆ ಚರಕ ತಿರುಗಿಸುತ್ತಾ ನಿಂತಿದ್ದವನು ನಮ್ಮದೇ ಸ್ಕೂಲಿನ ಹುಡುಗ. ಆರು ತಿಂಗಳಿಂದ ನಾನು ಹಾಜರಿ ಪುಸ್ತಕದಲ್ಲಿ ಗೈರು ಬರೆಯುತ್ತಾ ಬಂದಿದ್ದವನು.

ಮಕ್ಕಳು ಹೆಸರು ಹಿಡಿದು ಕೂಗಿದರು. ತಲೆ ಎತ್ತಲಿಲ್ಲ. "ಎಳೆ ತುದಿ ಹೆಂಗ್ ಸಿಕ್ತದ್ಲಾ?" ಅಂತ ಒಬ್ಬ ಕೇಳಿದ. ಆಗ ಬಿಸಿನೀರಿಗೆ ಕೈ ಹಾಕಿ, ಗೂಡಿನ ಮೇಲಿನ ಗೋಜಲು ತೆಗೆದು, ಕಣ್ಣಿಗೆ ಕಾಣದಂಥ ಒಂದು ಎಳೆ ಎತ್ತಿ ತೋರಿಸಿದ. ಬೆರಳು ನೆಂದು ಬಿಳಿಚಿ ಸುಕ್ಕಾಗಿದ್ದವು. ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ ಇರುತ್ತದೆ ಅಂತ ಪುಸ್ತಕದಲ್ಲಿತ್ತು. ಬೆರಳಿನ ಮಾತು ಇರಲಿಲ್ಲ.

ಅವನಪ್ಪನ ಹತ್ತಿರ ಹೋದೆ. "ಮುಂಗಡ ಈಸ್ಕಂಡಿವ್ನಿ ಮೇಷ್ಟ್ರೇ, ತೀರ್ಬೇಕಲ್ಲ" ಅಂದ. ಜೀತ ರದ್ದು ಮಾಡಿದ ಕಾಯ್ದೆ 1976ರದು. 2003ರಲ್ಲೂ ಹ್ಯೂಮನ್ ರೈಟ್ಸ್ ವಾಚ್‌ನವರು ರೇಷ್ಮೆ ಉದ್ಯಮದ ಜೀತದ ಮಕ್ಕಳ ಮೇಲೆ ಒಂದು ವರದಿಯನ್ನೇ ಬರೆಯಬೇಕಾಯಿತು. ಅದರಲ್ಲಿ ಕರ್ನಾಟಕವೂ ಇತ್ತು.

ಮುಂದಿನ ವರ್ಷ ಮೊದಲು ಕೇಳಿದ್ದು ಆ ಹುಡುಗಿಯ ತಮ್ಮ-ತಂಗಿಯರನ್ನಲ್ಲ, ಅವಳನ್ನೇ. ಫೇಲಾಗಿ ಅದೇ ಬೆಂಚಿನಲ್ಲಿದ್ದಳು. ಅಷ್ಟು ದಿನ ಸೊಪ್ಪು ಕೊಯ್ದವಳು ಪಾಸಾಗುವುದು ಹೇಗೆ? ಬೆರಳು ಮಡಚಿ ಎಣಿಸಿದಳು. ಮೊಟ್ಟೆ ಒಡೆದು ಹೆಚ್ಚುಕಮ್ಮಿ ಇಪ್ಪತ್ತಾರು ದಿನಕ್ಕೆ ಹುಳು ಹಣ್ಣಾಗುತ್ತದೆ. "ಆವತ್ತು ಸೊಪ್ಪಿನ ಕೆಲ್ಸ ಇರಾಕಿಲ್ಲ. ಬತ್ತೀನಿ ಸಾ."

ಹಣ್ಣಾದ ಹುಳು ಆಯ್ದು ಚಂದ್ರಿಕೆಗೆ ಬಿಡೋದು ಹುಳುಮನೆಯೊಳಗಿನ ಕೆಲಸ. ಅಲ್ಲಿಗೆ ಕೇರಿಯವರು ಬೇಡ. ಮೈಲಿಗೆಯಾಗಿ ಸುಣ್ಣಕಟ್ಟು ರೋಗ ಬರುತ್ತದಂತೆ! ಸುಣ್ಣಕಟ್ಟು ಬರೋದು ಒಂದು ಬೂಷ್ಟಿನಿಂದ, ತಂಪು ಥಂಡಿ ಇದ್ದಾಗ ಜಾಸ್ತಿ. ಅದನ್ನು ಮೊದಲೇ ಪಾಠ ಮಾಡಿಕೊಂಡು ಹೋದೆ. ಬಸ್ಸೂ ಬೇಡ, ಐದು ರೂಪಾಯೂ ಬೇಡ. (ಶೈಕ್ಷಣಿಕ ಪ್ರವಾಸ ಅಂತ 1975ರ 'ಶೋಲೆ' ಸಿನಿಮಾ ತೆಗೆದ ರಾಮದೇವರ ಬೆಟ್ಟ ಹತ್ತಿಸಿ ಬರುವ ಮೇಷ್ಟ್ರುಗಳಿಗೆ ಇದು ಪ್ರವಾಸ ಅನಿಸಲಿಕ್ಕಿಲ್ಲ.) ದೊಡ್ಡ ಮನೆಯವರಿಗೆ ಹೇಳಿದೆ: ರೋಗದ ಭಯ ನಿಜ, ಅದಕ್ಕೇ ಯಾವ ಜಾತಿಯ ಮಗುವೂ ಒಳಗೆ ಬರೋದಿಲ್ಲ, ತಟ್ಟೆಯನ್ನೇ ಜಗಲಿಗೆ ತನ್ನಿ.

ತಂದರು. ಹುಳುಗಳು ತಲೆ ಎತ್ತಿ ಆಡಿಸುತ್ತಿದ್ದವು. ಹುಡುಗಿ ಕೈ ತೊಳೆದು ಬಂದು ಒಂದನ್ನೆತ್ತಿ ಬೆಳಕಿಗೆ ಹಿಡಿದಳು. "ನೋಡಿ, ಮೈ ತಿಳಿಯಾಗದೆ, ಇದು ಹಣ್ಣು. ಇದು ಇನ್ನೂ ಕಾಯಿ." ಮನೆಯಾಕೆ ಆ ಹುಳುವನ್ನೇ ನೋಡುತ್ತಾ ನಿಂತಿದ್ದರು. ಏನೂ ಅನ್ನಲಿಲ್ಲ.

ಚರಕದ ಮನೆಗೆ ರಜೆಯಿದ್ದದ್ದು ಅದಾದ ಎರಡು ದಿನಕ್ಕೆ. ಆ ಹುಡುಗನನ್ನೂ ಕರೆಸಬೇಕೆಂದು ಲೆಕ್ಕ ಹಾಕಿದ್ದೆ. ಹುಳು ಎರಡು ದಿನ ಕಾಯೋದಿಲ್ಲ, ಅಷ್ಟರಲ್ಲಿ ಎಲ್ಲ ಗೂಡು ಕಟ್ಟಿಬಿಡುತ್ತವೆ. ವಾಪಸ್ ಬರುವಾಗ ಹುಡುಗಿಯೂ ಅದನ್ನೇ ಕೇಳಿದಳು.

"ಅವ್ನೂ ಇದ್ದಿದ್ರೆ ಎಳೆ ತೆಗ್ದು ತೋರ್ಸೋನು, ಅಲ್ವಾ ಸಾ?"