ಬಚ್ಚಲ ಗೋಡೆಯ ಬೆವರು

ನಮ್ಮ ಬಾಗಲಕೋಟೆ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಹಪ್ಪಳ, ಸಂಡಿಗೆ ಒಂದೇ ದಿನಕ್ಕೆ ಗರಿಗರಿಯಾಗುತ್ತವೆ. ಇಂಥ ಊರಿನಲ್ಲಿ ಬಚ್ಚಲ ಗೋಡೆಗೆ ಬೂಷ್ಟು ಹಿಡಿಯುತ್ತದೆ ಎಂದರೆ ಮಂಗಳೂರು, ಉಡುಪಿ ಕಡೆಯ ಓದುಗರಿಗೆ ನಗು ಬಂದೀತು. ಅವರಲ್ಲಿ ಮಳೆಗಾಲದ ಗಾಳಿಯೇ ಒದ್ದೆ; ಕಿಟಕಿ ತೆರೆದರೂ ತೇವವೇ ಒಳಗೆ ಬರುತ್ತದೆ. ನಮ್ಮಲ್ಲಿ ಹೊರಗಿನ ಗಾಳಿ ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. ನಮ್ಮ ತೇವ ಆಕಾಶದಿಂದ ಬಂದದ್ದಲ್ಲ, ನಾವೇ ನಾಲ್ಕು ಗೋಡೆಯೊಳಗೆ ಕೂಡಿಹಾಕಿಕೊಂಡದ್ದು.

ಹಳೆಯ ಬಾಗಲಕೋಟೆಯಲ್ಲಿ ನಮ್ಮ ಬಚ್ಚಲು ಹಿತ್ತಲಲ್ಲಿತ್ತು. ಮೂಲೆಯಲ್ಲಿ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ. ದಿನಾ ಬೆಳಿಗ್ಗೆ ಉರಿಯುವ ಬೆಂಕಿ ನೀರಿನ ಜೊತೆಗೆ ಗೋಡೆಯನ್ನೂ ಕಾಯಿಸುತ್ತಿತ್ತು. ಮಸಿಯಂತೂ ಇತ್ತು, ಬೂಷ್ಟು ಇರಲಿಲ್ಲ. ವರ್ಷಕ್ಕೊಮ್ಮೆ ಸುಣ್ಣ. ನಮ್ಮದು ಸುಣ್ಣದ ಕಲ್ಲಿನ ಸೀಮೆ, ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ಗೋಡೆಗೆ ಹಚ್ಚಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಆದರೆ ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿದಿರುತ್ತವೆ. ತೇವ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಹೊಸ ಸುಣ್ಣದ ಖಾರಕ್ಕೆ ಬೂಷ್ಟು ಬೇರೂರುವುದೂ ಕಷ್ಟ.

ಆಲಮಟ್ಟಿಯ ಹಿನ್ನೀರು ಬಂತು, ನಾವು ನವನಗರಕ್ಕೆ ಬಂದೆವು. ಚಿಕ್ಕ ನಿವೇಶನ. ಮೆಟ್ಟಿಲ ಕೆಳಗೆ ಉಳಿದ ಜಾಗವೇ ಬಚ್ಚಲಾಯಿತು. ಕಿಟಕಿ ಇಲ್ಲ, ಬಾಗಿಲ ಮೇಲೊಂದು ಗೇಣಗಲದ ಸಂದು ಮಾತ್ರ. ಸುಣ್ಣ ಎಂದರೆ ಬಡವರ ಮನೆಯದು ಎಂಬ ಭಾವನೆ ಆಗ ಎಲ್ಲರಲ್ಲೂ ಇತ್ತು. ಗುತ್ತಿಗೆದಾರ ಹಸಿರು ಆಯಿಲ್ ಪೇಂಟ್ ಬಳಿದುಕೊಟ್ಟ. ಮೊದಲೆರಡು ವರ್ಷ ಕನ್ನಡಿಯ ಹಾಗೆ ಹೊಳೆಯಿತು. ಆಮೇಲೆ ಗುಳ್ಳೆ ಎದ್ದು, ತಟ್ಟಿದರೆ ಹಪ್ಪಳದಂತೆ ಉದುರತೊಡಗಿತು. ಮೂಲೆಗಳಲ್ಲಿ ಕಪ್ಪು ಚುಕ್ಕೆ, ಕೆಳಗೆ ಬೋರ್‌ವೆಲ್ ನೀರಿನ ಬಿಳಿ ಉಪ್ಪು.

ಇಷ್ಟೇ ಆಗಿದ್ದರೆ ಬಾಗಿಲು ಮುಚ್ಚಿಕೊಂಡು ಇನ್ನಷ್ಟು ವರ್ಷ ದೂಡುತ್ತಿದ್ದೆವೇನೋ. ಅಮ್ಮಿಗೆ ದಮ್ಮಿನ ಕಾಯಿಲೆ. ಜಳಕ ಮುಗಿಸಿ ಹೊರಬಂದರೆ ಮಂಚದ ಮೇಲೆ ಕೂತು ಕಾಲು ಗಂಟೆ ಕೆಮ್ಮುತ್ತಿದ್ದರು. ತೇವ, ಬೂಷ್ಟು ಇರುವ ಮನೆಗಳಲ್ಲಿ ದಮ್ಮಿನ ತೊಂದರೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಮಗೆ ಅದನ್ನು ಓದಿ ತಿಳಿಯಬೇಕಾಗಿರಲಿಲ್ಲ, ಕೆಮ್ಮು ಕೇಳಿಸುತ್ತಿತ್ತು.

ಅಷ್ಟರಲ್ಲಿ ತಂಗಿಯ ಮದುವೆ ಗೊತ್ತಾಯಿತು. ಬೀಗರು ಇಳಕಲ್ಲಿನವರು, ಮದುವೆ ನವೆಂಬರಿನಲ್ಲಿ, ಕೈಯಲ್ಲಿ ಉಳಿದದ್ದು ಹದಿನೈದು ದಿನ. ಬಂದವರು ಬಚ್ಚಲಿಗೆ ಹೋಗಿಯೇ ಹೋಗುತ್ತಾರೆ. "ಎರಡು ಕೋಟ್ ಆಯಿಲ್ ಪೇಂಟ್ ಎಳಸಿಬಿಡೂಣ, ಮಾನ ಉಳೀತೈತಿ" ಎಂದು ತಮ್ಮ ಪೇಂಟರ್ ಕಾಕಾನನ್ನು ಕರೆತಂದ.

ಕಾಕಾ ಗೋಡೆಗೆ ಅಂಗೈ ಒತ್ತಿ ನೋಡಿ ಹೇಳಿದರು: "ಟೀಚರ್ರ, ಗ್ವಾಡಿ ಬೆವರಾಕತ್ತೈತ್ರಿ. ಬೆವರೋ ಮನಶ್ಯಾಗ ರಬ್ಬರಿನ ಅಂಗಿ ತೊಡಿಸಿದ್ರ ಹೆಂಗ್ರಿ?"

ಅವರು ಜಿಲ್ಲೆಯ ಊರುಗಳನ್ನು ಗೋಡೆಗಳಿಂದಲೇ ಗುರುತು ಹಿಡಿಯುವವರು. ಹುನಗುಂದದ ಕಡೆ ಕರಿಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಗೋಡೆಯನ್ನು ಸೀಳುತ್ತದೆ, ಸೀಳಿನೊಳಗೆ ನೀರು ಇಳಿಯುತ್ತದೆ. ಅಲ್ಲಿ ಮೊದಲು ಬಿರುಕು ತುಂಬಬೇಕು, ಆಮೇಲೆ ಬಣ್ಣದ ಮಾತು. ಬಾದಾಮಿಯಲ್ಲಿ ಕೆಂಪು ಮರಳುಗಲ್ಲಿನ ಗೋಡೆ; ಬತ್ತಿ ಎಣ್ಣೆ ಹೀರುವಂತೆ ಕಲ್ಲು ನೆಲದ ನೀರನ್ನು ಮೇಲಕ್ಕೆಳೆಯುತ್ತದೆ. ಅಲ್ಲಿಯ ಮೂರನೆಯ ಗುಹೆ ಚಾಲುಕ್ಯರು 578ರಲ್ಲಿ ಮುಗಿಸಿದ್ದು. ಅದರ ಚಿತ್ರಗಳಲ್ಲಿ ಇಂದು ಉಳಿದಿರುವುದು ಸೂರಿನ ಒಳಭಾಗದ ಕೆಲವು ತುಣುಕು ಮಾತ್ರ. ಕಲ್ಲಿನ ಮೇಲೇ ಹೀಗಾದರೆ ಸಿಮೆಂಟಿನ ಮೇಲಿನ ನಮ್ಮ ಹಸಿರು ಪೇಂಟಿನ ಪಾಡೇನು?

ಕಾಕಾ ಮಾಡಿದ ಮೊದಲ ಕೆಲಸಕ್ಕೆ ಕಾಸೂ ಖರ್ಚಿರಲಿಲ್ಲ. ಪೇಂಟ್ ಉದುರಿದ ಜಾಗದಲ್ಲಿ ಒಂದು ಚದರಡಿ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿದರು. ಒಂದು ಹಗಲು, ಒಂದು ರಾತ್ರಿ ಅಲ್ಲಿ ಯಾರೂ ಜಳಕ ಮಾಡಲಿಲ್ಲ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ ಎಂದರ್ಥ. ಹಿಂದೆ ಒಣಗಿದ್ದು, ಜಳಕದ ನಂತರ ಹಾಳೆಯ ಮುಂದೆ ಮಾತ್ರ ಹನಿ ಕಂಡರೆ ಅದು ಬಿಸಿನೀರಿನ ಹಬೆ. ನಮ್ಮದು ಎರಡೂ ಆಗಿತ್ತು. ಮೇಲಿನ ಹಬೆಗೆ ಕಿಟಕಿ ಇಲ್ಲ, ಕೆಳಗೆ ನಲ್ಲಿಯ ಪೈಪಿನ ಜೋಡು ಸೋರುತ್ತಿತ್ತು. ಯಾವ ಡಬ್ಬಿಯ ಬಣ್ಣವೂ ಸೋರುವ ಪೈಪನ್ನು ನಿಲ್ಲಿಸಲಾರದು. ಜಾಹೀರಾತಿನವರು ಈ ಮಾತನ್ನು ಹೇಳುವುದಿಲ್ಲ.

ಗೋಡೆ ಒಣಗಲು ತಿಂಗಳು ಬೇಕು ಎಂದರು ಕಾಕಾ. ಹಾಗಾದರೆ ಬೀಗರು ಕೆರೆದಿಟ್ಟ ಬೋಳು ಗೋಡೆಯನ್ನೇ ನೋಡಬೇಕು. ತಮ್ಮ ಸಿಟ್ಟಾದ, ತಂಗಿಯ ಮುಖ ಸಣ್ಣದಾಯಿತು. ಕೊನೆಗೆ ಅಮ್ಮಿಯೇ ಹೇಳಿದರು: "ಮದುವಿ ಒಂದಿನ, ಜಳಕಾ ದಿನಾ. ಒಡೀರಿ."

ಒಂದೂವರೆ ಅಡಿಯ ಕಿಟಕಿಗೆ ಗೋಡೆ ಒಡೆದು, ಓರೆ ಗಾಜಿನ ಪಟ್ಟಿಗಳನ್ನು ಕೂರಿಸಿದರು. ಗ್ಯಾಸ್ ಗೀಸರ್ ಇರುವವರಿಗೆ ಇಂಥ ಕಿಟಕಿ ಅಂದಚೆಂದದ ವಿಷಯವೇ ಅಲ್ಲ. ಮುಚ್ಚಿದ ಬಚ್ಚಲಲ್ಲಿ ಅದರಿಂದ ತುಂಬುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಜೀವ ಹೋಗುವುದು ಗೊತ್ತೇ ಆಗುವುದಿಲ್ಲ. ಗೀಸರನ್ನೇ ಹೊರಗಿಡುವುದು ಇನ್ನೂ ಕ್ಷೇಮ.

ಹಳೆಯ ಪೇಂಟನ್ನು ನೀರು ಚಿಮುಕಿಸಿಯೇ ಕೆರೆದರು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಆಯಿಲ್ ಪೇಂಟನ್ನು ಒಣಗಿದ್ದಾಗ ಉಜ್ಜಿದರೆ ಆ ದೂಳು ಮೊದಲು ಹೋಗುವುದು ಪೇಂಟರನ ಎದೆಯೊಳಗೆ. ಕಾಕಾ ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದರು. ನಾನು ಔಷಧಿ ಅಂಗಡಿಯಿಂದ ಒಳ್ಳೆಯ ಮಾಸ್ಕ್ ತಂದುಕೊಟ್ಟೆ. ಒಂದು ದಿನ ಹಾಕಿಕೊಂಡು, ಮರುದಿನ ಮತ್ತೆ ಟವೆಲ್ಲಿಗೇ ಮರಳಿದರು. ಬೂಷ್ಟಿಗೆ ಬ್ಲೀಚಿಂಗ್ ದ್ರಾವಣ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದದ್ದಾಯಿತು. ಇದರ ಜೊತೆ ಸಂಡಾಸಕ್ಕೆ ಹಾಕುವ ಆ್ಯಸಿಡ್ ಸೇರಿಸಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು "ಇನ್ನೂ ಸ್ವಚ್ಛ ಆಗಲಿ" ಎಂದು ಎರಡನ್ನೂ ಕೂಡಿಸುವುದುಂಟು. ಖಂಡಿತ ಬೇಡ.

ಬೀಗರು ಬಂದರು, ಬೋಳು ಗೋಡೆ ನೋಡಿದರು. ವರನ ದೊಡ್ಡಪ್ಪ ಬಚ್ಚಲಿಂದ ಹೊರಬಂದು ಕೇಳಿದ್ದು ಒಂದೇ: "ಕೆಳಗ ಕಲ್ಲು ಯಾಕ ಹಚ್ಚಿಲ್ರಿ?" ಇಳಕಲ್ ಎಂದರೆ ಹೊರಗಿನವರಿಗೆ ಸೀರೆ, ಅಲ್ಲಿಯವರಿಗೆ ಕೆಂಪು ಗ್ರಾನೈಟ್ ಕೂಡ. ಪಾಲಿಶ್ ಘಟಕಗಳಲ್ಲಿ ಉಳಿಯುವ ತುಂಡುಗಳು ಅಗ್ಗಕ್ಕೆ ಸಿಗುತ್ತವೆ. ಅವರೇ ಕಳಿಸಿದ ತುಂಡುಗಳನ್ನು ನೆಲದಿಂದ ನಾಲ್ಕಡಿ ಎತ್ತರಕ್ಕೆ ಹಚ್ಚಿಸಿದೆವು. ನೀರು ನೇರ ಸಿಡಿಯುವಲ್ಲಿ ಕಲ್ಲು, ಹಬೆ ತಾಗುವಲ್ಲಿ ಬಣ್ಣ.

ಮೇಲಿನ ಭಾಗಕ್ಕೆ ಜನವರಿಯಲ್ಲಿ ಬಣ್ಣ ಹಚ್ಚಿದ್ದು. ಪಿಒಪಿ ನೀರು ಕುಡಿದು ಮೆತ್ತಗಾಗುವುದರಿಂದ ಬಿಳಿ ಸಿಮೆಂಟಿನ ಪುಟ್ಟಿ, ಅದರ ಮೇಲೆ ಸಿಮೆಂಟಿನ ಕ್ಷಾರ ತಾಳುವ ಪ್ರೈಮರ್, ನಂತರ ಬೂಷ್ಟು ನಿರೋಧಕ ಇರುವ ಅಕ್ರಿಲಿಕ್ ಎಮಲ್ಷನ್, ತೆಳುವಾಗಿ ಎರಡು ಕೋಟ್. ಆಯಿಲ್ ಪೇಂಟಿನಂತೆ ಇದು ಗೋಡೆಯ ಉಸಿರು ಪೂರ್ತಿ ಕಟ್ಟುವುದಿಲ್ಲ. ಡಿಸ್ಟೆಂಪರಿನಂತೆ ಒದ್ದೆಗೆ ಪುಡಿಯಾಗುವುದೂ ಇಲ್ಲ. ಹೊಸ ಪ್ಲಾಸ್ಟರಿನ ಮೇಲೆ ಅವಸರದಿಂದ ಆಯಿಲ್ ಪೇಂಟ್ ಬಳಿದರೆ ಕ್ಷಾರಕ್ಕೆ ಎಣ್ಣೆ ಸೇರಿ ಸಾಬೂನೇ ಆಗುತ್ತದೆ, ಜಿಗುಟು ಬಿಡುವುದಿಲ್ಲ. ಕೊನೆಯ ಕೋಟ್ ಆದ ಮೇಲೆ ಒಂದು ವಾರ ಬಿಸಿನೀರು ಬೇಡವೆಂದರು. ಪಕ್ಕದ ಮನೆಯವರ ಬಚ್ಚಲು ನಮಗೂ ಬಚ್ಚಲಾಯಿತು. ಇಷ್ಟೆಲ್ಲ ಖರ್ಚು ಆಗದವರಿಗೆ, ಗಾಳಿ ಇರುವ ಹಿತ್ತಲ ಬಚ್ಚಲಿಗೆ, ಇವತ್ತಿಗೂ ಸುಣ್ಣವೇ ಸಾಕು. ಮೈಗೆ ಹತ್ತುತ್ತದೆ, ವರ್ಷವರ್ಷ ಹಚ್ಚಬೇಕು. ಆದರೆ ಗೋಡೆಗೆ ಮೋಸ ಮಾಡುವುದಿಲ್ಲ.

ನಾವು ಸುಣ್ಣ-ಬಣ್ಣಕ್ಕೆ ಗೋಡೆಯನ್ನು ಕೇಳುವುದಿಲ್ಲ, ಹಬ್ಬವನ್ನು ಕೇಳುತ್ತೇವೆ. ದಸರೆ ಬರುವುದು ಸೆಪ್ಟೆಂಬರಿನ ಮಳೆಯ ಬೆನ್ನಿಗೇ. ಗೋಡೆ ಆಗ ಇನ್ನೂ ಹಸಿ. ಈದ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2025ರಲ್ಲಿ ಮಾರ್ಚ್ ಕೊನೆಗೆ ಬಂದದ್ದರಿಂದ ನಮ್ಮ ಓಣಿಯ ಮುಸ್ಲಿಮರ ಮನೆಗಳ ಬಣ್ಣ ಚೆನ್ನಾಗಿ ಕೂತಿತು. ಮುಂದೊಂದು ಕಾಲಕ್ಕೆ ನಮಗೂ ಮಳೆಗಾಲದ ಹಬ್ಬ ಬರಲಿದೆ.

ಅಮ್ಮಿಯ ದಮ್ಮು ಹೋಗಿಲ್ಲ, ಪಂಪು ದಿಂಬಿನ ಪಕ್ಕದಲ್ಲೇ ಇದೆ. ಜಳಕದ ನಂತರದ ಕೆಮ್ಮು ಮಾತ್ರ ತಗ್ಗಿದೆ. ಕಳೆದ ಮಳೆಗಾಲದಲ್ಲಿ ಕಿಟಕಿಯ ಎದುರು ಮೂಲೆಯಲ್ಲಿ ಎರಡು ಕಪ್ಪು ಚುಕ್ಕೆ ಮೂಡಿದವು, ಒರೆಸಿದೆ. ತಮ್ಮ ಈಗ ಮೇಲೊಂದು ಕೋಣೆ ಕಟ್ಟಿಸುತ್ತಿದ್ದಾನೆ. ನಕ್ಷೆಯಲ್ಲಿ ಬಚ್ಚಲಿಗೆ ಕಿಟಕಿ ಎಲ್ಲಿ ಎಂದು ಅಮ್ಮಿ ದಿನಕ್ಕೆರಡು ಸಲ ಕೇಳುತ್ತಾರೆ.