ಅವ್ವ ಕಂಡ ಮಂಗಳೂರು

ಮಾನ್ವಿ ತಾಲ್ಲೂಕಿನ ನಮ್ಮ ನೀರಮಾನ್ವಿಗೆ ಹೆಸರಿನಲ್ಲೇ ನೀರಿದೆ. ಆದರೂ ಐದನೇ ತರಗತಿಯ ನನ್ನ ಮಗ ಕಾಲುವೆಗಿಂತ ದೊಡ್ಡ ನೀರು ಕಂಡವನಲ್ಲ. ದಸರಾ ರಜೆ ಬಂದಾಗ “ಸಮುದ್ರ ತೋರಿಸಪಾ” ಎಂದು ಗಂಟುಬಿದ್ದ. ಮಂಗಳೂರಿಗೆ ಹೋಗೋಣ ಎಂದೆ. ಅವ್ವ ಸುಮ್ಮನಾದಳು. ಅಲ್ಲಿ ನಮ್ಮಣ್ಣ ಗಾರೆ ಕೆಲಸ ಮಾಡುತ್ತಾನೆ. ಹೊಲ ಮಾರುವ ಮಾತಿಗೆ ಅವ್ವನೊಡನೆ ಜಗಳವಾಡಿ ಹೋದವನು ನಾಲ್ಕು ವರ್ಷದಿಂದ ಊರ ಕಡೆ ತಲೆ ಹಾಕಿರಲಿಲ್ಲ.

“ನಾನೂ ಬರ್ತೀನಿ. ಸಮುದ್ರ ನೋಡಾಕ ಅಷ್ಟ” ಎಂದಳು ಅವ್ವ. ಎರಡು ದಿನದ ಪ್ರವಾಸಕ್ಕೆ ನಲವತ್ತು ಕಡಕ್ ರೊಟ್ಟಿ ಯಾಕೆ ಬಡಿದಳೆಂದು ನಾನು ಕೇಳಲಿಲ್ಲ.

ರಾತ್ರಿಯಿಡೀ ಬಸ್ಸು. ಘಾಟಿ ಇಳಿಯುವಾಗ ಬೆಳಕು ಹರಿಯಿತು. ನಿಲ್ದಾಣದಲ್ಲಿ ಅಣ್ಣ ಕಾಯುತ್ತಿದ್ದ. ಅವ್ವ ಅವನ ಮುಖ ನೋಡಲಿಲ್ಲ. ಸಿಮೆಂಟು ತಿಂದು ಬಿರುಕು ಬಿಟ್ಟ ಕೈಗಳನ್ನು ನೋಡಿದಳು.

“ನಿಮ್ಮಜ್ಜಿ ಚಾ ಕುಡಿತಾಳೇನು ಕೇಳೋ” ಎಂದ ಅಣ್ಣ, ನನ್ನ ಮಗನಿಗೆ.

“ಕುಡಿತಾಳಂತ ಹೇಳು” ಎಂದಳು ಅವ್ವ. ಅಂದಿಡೀ ಅವರಿಬ್ಬರ ನಡುವೆ ನನ್ನ ಮಗನೇ ಅಂಚೆಯವನು.

ಹೋಟೆಲಿನಲ್ಲಿ ನೀರುದೋಸೆ ತಿಂದೆವು. “ಇಲ್ಲಿ ದೋಸಿಗೂ ನೀರು!” ಎಂದು ಅವ್ವ ಮೊದಲ ಸಲ ನಕ್ಕಳು.

ಮಂಗಳೂರಿನಲ್ಲಿ ಸಪಾಟಾದ ರಸ್ತೆ ಸಿಗುವುದೇ ಅಪರೂಪ. ಒಂದು ಗುಡ್ಡ ಇಳಿದರೆ ಇನ್ನೊಂದು ಏರಬೇಕು. ಕದ್ರಿ ಮಂಜುನಾಥ ದೇವಸ್ಥಾನದಲ್ಲಿ 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿ ನೋಡಿದೆವು. ಅಲ್ಲಿಂದ ಬಾವುಟಗುಡ್ಡ ಹತ್ತಿ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋದೆವು. ನೂರಿಪ್ಪತ್ತು ವರ್ಷದ ಹಿಂದೆ ಇಟಲಿಯ ಆಂಟೋನಿಯೊ ಮೊಸ್ಕೆನಿ ಗೋಡೆ, ಚಾವಣಿಗಳ ತುಂಬ ಬರೆದ ಚಿತ್ರಗಳು ಅಲ್ಲಿವೆ. ಮಗ ಕತ್ತೆತ್ತಿದವನು ಇಳಿಸಲೇ ಇಲ್ಲ. ಅವ್ವನ ಮೊಣಕಾಲು ಮಾತ್ರ ಮಾತಾಡತೊಡಗಿತು. ಅಣ್ಣ ಏನೂ ಹೇಳದೆ ಅವಳ ಚೀಲ ತಾನು ಹಿಡಿದ.

ಗುಡ್ಡದ ಮೇಲಿನಿಂದ ಕೆಂಪು ಹೆಂಚಿನ ಮಾಡುಗಳು ಕಂಡವು. “ನಮ್ಮ ಮಾಳಿಗಿ ಮನಿ ಹಂಗ ಯಾಕಿಲ್ಲ, ದೊಡ್ಡಪ್ಪ?” ಎಂದು ಮಗ ಕೇಳಿದ. ಅಣ್ಣನಿಗೆ ಹುರುಪು ಬಂತು. ರಾಯಚೂರಿನ ಐದು ವರ್ಷದ ಮಳೆ ಇಲ್ಲಿ ಒಂದೇ ವರ್ಷದಲ್ಲಿ ಸುರಿಯುತ್ತದೆ, ನಮ್ಮ ಮಣ್ಣಿನ ಮಾಳಿಗೆ ಇಲ್ಲಿ ನಿಲ್ಲದು, ಇಳಿಜಾರು ಮಾಡಿನ ಮೇಲಾದರೆ ನೀರು ಜಾರಿ ಹೋಗುತ್ತದೆ ಎಂದ. ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು, ನೆಲದಿಂದ ಕಡಿಯುವಾಗ ಮೆತ್ತಗಿರುವ ಮುರಕಲ್ಲು ಗಾಳಿಗೆ ಗಟ್ಟಿಯಾಗುವುದು, ಎಲ್ಲವನ್ನೂ ಹೇಳಿದ. ಅವ್ವ ಬೇರೆ ಕಡೆ ನೋಡುತ್ತಲೇ ಪೂರಾ ಕೇಳಿಸಿಕೊಂಡಳು.

ಸಂಜೆ ಪಣಂಬೂರು ಕಡಲತೀರ. ಮಗ ಕುಣಿದಾಡಿದ. ಅವ್ವ ಸೀರೆ ಎತ್ತಿ ಹಿಡಿದು ನೀರಿಗೆ ಕಾಲಿಟ್ಟಳು. ತೆರೆ ಹಿಂದೆ ಸರಿಯುವಾಗ ಪಾದದ ಕೆಳಗಿನ ಮರಳು ಜಾರಿತು. “ಯಪ್ಪಾ!” ಎಂದು ಪಕ್ಕದಲ್ಲಿದ್ದ ಅಣ್ಣನ ತೋಳು ಹಿಡಿದಳು. ಹಿಡಿದ ಕೈ ಹೊತ್ತು ಮುಳುಗುವವರೆಗೆ ಬಿಡಲಿಲ್ಲ.

“ಹೊಲ ಹೆಂಗೈತಿ ಬೇ?” ಎಂದ ಅಣ್ಣ. ಈ ಸಲ ಅಂಚೆಯವನು ಬೇಕಾಗಲಿಲ್ಲ.

“ಐತಿ. ಎಲ್ಲಿಗೆ ಹೋಗ್ತೈತಿ? ಜಾತ್ರಿಗೆ ಬಂದು ನೋಡು.”

ಮರುದಿನ ಹೊರಡುವಾಗ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಅವ್ವ ಅಣ್ಣನ ಕೈಗಿಟ್ಟಳು. ಅದರಲ್ಲಿ ನಮಗೆಂದು ಒಂದು ರೊಟ್ಟಿಯನ್ನೂ ಉಳಿಸಿರಲಿಲ್ಲ.

ಬಸ್ಸು ಘಾಟಿ ಏರುವಾಗ ಮಗ ಕೇಳಿದ: “ಅಜ್ಜಿ, ಸಮುದ್ರ ಹೆಂಗಿತ್ತು?”

ಅವ್ವ ನನ್ನ ಕಡೆ ತಿರುಗಿ, “ಅವನಿಗೆ ಫೋನ್ ಹಚ್ಚು. ರಾತ್ರಿ ಕೈಗೆ ಕೊಬ್ಬರಿ ಎಣ್ಣಿ ಹಚ್ಚಿಕೊಂಡು ಮಲಗು ಅಂತ ಹೇಳಾದು ಮರ್ತೆ” ಎಂದಳು.