ನೆಲವು ನುಂಗಿದ ಮೋಟಾರುಗಳು

ಅಮೆರಿಕಾದ ಕೆಂಟಕಿ ಸಂಸ್ಥಾನದಲ್ಲಿರುವ ಬೌಲಿಂಗ್ ಗ್ರೀನ್ ಪಟ್ಟಣವು ಕಾರ್ವೆಟ್ ಎಂಬ ವೇಗದ ಮೋಟಾರಿನ ನೆಲೆವೀಡು. 1953ರಲ್ಲಿ ಫ್ಲಿಂಟ್ ನಗರದಲ್ಲಿ 300 ಗಾಡಿಗಳೊಡನೆ ಆರಂಭವಾದ ಈ ವಂಶವು, ಸೇಂಟ್ ಲೂಯಿಯಲ್ಲಿ ಬೆಳೆದು, 1981ರಲ್ಲಿ ಇಲ್ಲಿಗೆ ಬಂದು ನೆಲೆಸಿತು.

ಊರಿನ ಅಡಿಯಲ್ಲಿರುವುದು ಸುಣ್ಣಕಲ್ಲು. ನೀರು ಅದನ್ನು ಕರಗಿಸಿ ಗವಿಗಳನ್ನು ಕೊರೆಯುತ್ತಲೇ ಇರುವುದು. 2014ರ ಫೆಬ್ರುವರಿ 12ರ ಮುಂಜಾನೆ, ಕಾರ್ವೆಟ್ ವಸ್ತುಸಂಗ್ರಹಾಲಯದ ನೆಲವು ಬಾಯ್ದೆರೆದು 8 ಗಾಡಿಗಳನ್ನು ನುಂಗಿತು. ಒಳಗೆ ಜನರಿಲ್ಲದುದರಿಂದ ಪ್ರಾಣಹಾನಿಯಾಗಲಿಲ್ಲ. ಮೂರು ಗಾಡಿಗಳನ್ನು ಸರಿಪಡಿಸಿದರು. ಅವುಗಳಲ್ಲಿ 1962ರ ಕಪ್ಪು ಗಾಡಿಯ ಕೆಲಸವು 2018ರಲ್ಲಿ ಮುಗಿಯಿತು. ಉಳಿದ ಐದನ್ನು ಜಜ್ಜಿದ ರೂಪದಲ್ಲಿಯೇ ಉಳಿಸಿದರು. ಸರಿಪಡಿಸಿದ್ದರೆ ಅವುಗಳಲ್ಲಿ ಹಳೆಯದೇನೂ ಉಳಿಯುತ್ತಿರಲಿಲ್ಲ.

ಹಳೆಯ ಕಾರ್ವೆಟನ್ನು ಮನೆಯಲ್ಲಿಯೇ ಜೀರ್ಣೋದ್ಧಾರ ಮಾಡಹೊರಟ ಗೃಹಸ್ಥನು ಈ ಊರನ್ನು ನೋಡಿ ಕಲಿಯತಕ್ಕುದುಂಟು. ಅದರ ಮೈಯು ಗಾಜಿನ ನಾರಿನದು, ತುಕ್ಕು ಹಿಡಿಯದು. ಆದರೆ ಅದನ್ನು ಹೊತ್ತ ಉಕ್ಕಿನ ಚಾಸಿಯು ಒಳಗೊಳಗೇ ಸವೆದಿರಬಹುದು. ಆದುದರಿಂದ ಬಣ್ಣದ ಡಬ್ಬಿಯನ್ನು ತೆರೆಯುವ ಮುನ್ನ, ಗಾಡಿಯನ್ನು ಭದ್ರವಾದ ಆಸರೆಗಳ ಮೇಲೆ ನಿಲ್ಲಿಸಿ, ಕೆಳಗಿನ ಉಕ್ಕನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಸವೆದುದನ್ನು ಮಾತ್ರ ಬದಲಿಸಿ, ಗಟ್ಟಿಯಾದುದನ್ನು ಹಾಗೆಯೇ ಬಿಡಬೇಕು. ಎಲ್ಲವನ್ನೂ ಹೊಸದಾಗಿಸಿದರೆ, ಯಾವ ಗಾಡಿಗಾಗಿ ಇಷ್ಟು ಶ್ರಮಪಟ್ಟೆವೋ ಅದೇ ಇಲ್ಲವಾಗುವುದು.